ಎಡದಿಂದ ಇಟ್ಟ ನಾಲ್ಕು ಕ್ಯಾಪು

ಚಾದರವನ್ನು ಕಲ್ಲಿನ ಮೇಲೆ ಹರವಿ ಸಬಕಾರ ತಿಕ್ಕಲು ಬಗ್ಗಿದಾಗ ಇರ್ಫಾನಾಳಿಗೆ ನಗು ಬಂತು. ಎಣ್ಣೆಯ ಕಲೆ ಬಿಡುತ್ತಿತ್ತು, ಪೆನ್ನಿನ ಗುರುತು ಬಿಡುತ್ತಿರಲಿಲ್ಲ.

“ಅಬ್ಬಾ, ನೋಡಿಲ್ಲೆ. ನಾ ಬರ್ದಿದ್ದು ಸಬಕಾರಕ್ಕೂ ಜಗ್ಗವಲ್ದು.”

ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಅಪ್ಪ ನಜೀಬ ತಲೆ ಎತ್ತಲಿಲ್ಲ. “ಏನ್ ಬರ್ದಿದ್ದಿ ಅದರ ಮ್ಯಾಲ?”

“ಹುಲಿಗೇಶಣ್ಣನ ವ್ಯಾನಿನ ಕ್ಯಾಪ್ ನಂಬರ್. ಒಂದು, ಎರಡು, ಮೂರು, ನಾಕು. ನೀ ಬಿಚ್ಚಿ ಬಿಚ್ಚಿ ಕೊಟ್ಟಿ, ನಾ ಸಾಲಾಗಿ ಇಟ್ಟು ಬುಡಕ ಬರ್ದೆ.”

ಬಟ್ಟಲು ಅವನ ತುಟಿಯ ಹತ್ತಿರವೇ ನಿಂತಿತು.

“ಒಂದನೇದ್ದು ಯಾವ ಕಡಿ ಇಟ್ಟಿದ್ದಿ?”

“ಈ ಕಡಿ.” ಅವಳು ಎಡಗೈ ಚಾಚಿ ತೋರಿಸಿದಳು.

ನಜೀಬ ಬಟ್ಟಲನ್ನು ಕೆಳಗಿಡಲು ಹೋದ. ಅದು ಹೊಸ್ತಿಲ ಅಂಚಿಗೆ ತಾಗಿ ಉರುಳಿತು. ಚಹಾ ಹರಿದು ಅವನ ಪಾದ ತೋಯಿಸಿತು. ಅವನು ಪಾದ ಸರಿಸಲಿಲ್ಲ.

“ನಾ ಬಲದಿಂದ ಎತ್ತಿ ಹಾಕೀನಿ,” ಎಂದ.

ಇರ್ಫಾನಾಳ ನಗು ಬಾಯಲ್ಲೇ ಒಣಗಿತು.

ನಜೀಬನಿಗೆ ಕೆಲಸ ಕಲಿಸಿದ ಉಸ್ತಾದ ಮರ್ದಾನಸಾಬನಿಗೆ ಉರ್ದು ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ಇಂಜಿನ್ ಬಿಚ್ಚಿದರೆ ನೆಲಕ್ಕೆ ಚಾದರ ಹಾಸಿ, ಮೊದಲು ಬಿಚ್ಚಿದ್ದನ್ನು ಬಲತುದಿಗೆ ಇಟ್ಟು, ಅಲ್ಲಿಂದ ಎಡಕ್ಕೆ ಸಾಲು ಹಿಡಿಯುತ್ತಿದ್ದ. ಬಲದಿಂದ ಇಡು, ಬಲದಿಂದ ಎತ್ತು. ಇಷ್ಟೇ ಅವನ ಶಾಸ್ತ್ರ. ಮೂವತ್ತು ವರ್ಷ ನಜೀಬ ಒಂದು ನಂಬರನ್ನೂ ಬರೆದವನಲ್ಲ. ಅವನ ಕೈಕೆಳಗೆ ಕಲಿತವರೂ ಬರೆದವರಲ್ಲ. ಕೈ ತಾನಾಗಿ ಬಲತುದಿಗೆ ಹೋಗುತ್ತಿತ್ತು, ಎಂದೂ ತಪ್ಪಿರಲಿಲ್ಲ. ಇರ್ಫಾನಾ ಕನ್ನಡ ಶಾಲೆಯಲ್ಲಿ ಓದಿ ಡಿಗ್ರಿ ಮುಗಿಸಿದವಳು. ಅವಳ ಕೈ ಎಡದಿಂದ ಶುರುಮಾಡಿತ್ತು. ಜೋಡಿಸುವ ದಿನ ಅವಳು ಕುಷ್ಟಗಿಯ ಚಿಕ್ಕಮ್ಮ ಗೌಸಬೀಯ ಮನೆಗೆ ಹೋಗಿದ್ದಳು. ಕ್ಯಾಪುಗಳ ಅಡಿಯ ಅಂಕಿಗಳು ಅವನ ಕಣ್ಣಿಗೆ ಬೀಳಲಿಲ್ಲ. ಕೇಳುವವನಿಗೆ ಕೇಳಬೇಕೆನಿಸಲಿಲ್ಲ, ಹೇಳುವವಳು ಮನೆಯಲ್ಲಿರಲಿಲ್ಲ. ಎರಡೂ ಪದ್ಧತಿ ಸರಿಯೇ. ಎರಡು ಸರಿಗಳು ಒಂದೇ ಚಾದರದ ಮೇಲೆ ಸೇರಿ ಒಂದು ತಪ್ಪಾಗಿದ್ದವು.

ಆ ಕ್ಯಾಪುಗಳು ನೋಡಲು ಒಂದೇ ಥರ. ಅರ್ಧಚಂದ್ರದಂಥ ಕಬ್ಬಿಣದ ತುಂಡುಗಳು. ಪಿಸ್ಟನ್ನಿನ ರಾಡು ಕೆಳಗೆ ಕ್ರ್ಯಾಂಕನ್ನು ಅಪ್ಪಿ ಹಿಡಿಯುವ ಕಡೆ, ಒಂದೊಂದು ರಾಡಿಗೆ ಒಂದೊಂದು. ಆದರೆ ಒಂದು ರಾಡಿನ ಕ್ಯಾಪು ಇನ್ನೊಂದಕ್ಕೆ ಆಗುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ, ಅಷ್ಟು ಸಾಕು. ಒಳಗಿನ ಬೇರಿಂಗು ಸುಡುತ್ತದೆ. ಆಮೇಲೆ ಇಂಜಿನ್ ತಿರುಗದಂತೆ ಹಿಡಿದುಕೊಳ್ಳುತ್ತದೆ, ಇಲ್ಲವೆ ರಾಡು ಮುರಿದು ಇಂಜಿನ್ನಿನ ಹೊಟ್ಟೆ ಹರಿದುಕೊಂಡು ಹೊರಬರುತ್ತದೆ. ಗುರುತಿಗೆಂದು ಕಾರ್ಖಾನೆಯಲ್ಲಿ ಒತ್ತಿದ ಅಂಕಿಗಳು ಈ ಹಳೆಯ ವ್ಯಾನಿನಲ್ಲಿ ಎಂದೋ ಸವೆದುಹೋಗಿದ್ದವು.

“ಕೈಲೆ ತಿರುಗಿಸಿದಾಗ ಬಿಗಿ ಇತ್ತು,” ನಜೀಬ ತನಗೇ ಹೇಳಿಕೊಂಡ. “ಹೊಸ ಬೇರಿಂಗ್, ಬಿಗಿ ಇರೋದ ಅಂದ್ಕೊಂಡೆ.”

ವ್ಯಾನು ಮುನ್ನಾದಿನ ಸಂಜೆಯೇ ಮಂಗಳೂರಿಗೆ ಹೋಗಿತ್ತು. ಮಂಗಳೂರೆಂದರೆ ಸಮುದ್ರದ ದಂಡೆಯದ್ದಲ್ಲ, ಯಲಬುರ್ಗಾ ಕಡೆಯ ಹಳ್ಳಿ. ಕಾಲುವೆಗೆ ನೀರು ಬಿಟ್ಟು ಹದಿನೈದು ದಿನವಾಗಿತ್ತು. ಹುಲಿಗೇಶ ಬೆಳಗಿನ ಐದಕ್ಕೇ ಹದಿನಾಲ್ಕು ಹೆಣ್ಣುಮಕ್ಕಳನ್ನು ತುಂಬಿಕೊಂಡು ಸಿದ್ದಾಪುರದ ಗದ್ದೆಗಳಿಗೆ ಸಸಿ ಹಚ್ಚಲು ಹೊರಟಿರುತ್ತಾನೆ. ಈಗ ಏಳೂಕಾಲು.

ಇರ್ಫಾನಾ ಕೈ ಒರೆಸಿಕೊಂಡು ಫೋನು ಎತ್ತಿದಳು. ನಜೀಬ ಅವಳ ಮಣಿಕಟ್ಟು ಹಿಡಿದ.

“ಏನಂತ ಹೇಳ್ತಿ?”

“ಇದ್ದದ್ದು ಹೇಳ್ತೀನಿ.”

“ಸಾದಿಕಂದು ಮರ್ತೇನು?”

ಸಾದಿಕನದನ್ನು ಮರೆಯಲು ಆ ಓಣಿಯಲ್ಲಿ ಯಾರಿಗೂ ಆಗಿರಲಿಲ್ಲ. ಅವನು ಬೆಸುಗೆ ಹಾಕಿದ ಟ್ರಾಲಿಯ ಕೊಂಡಿ ಹೋದ ವರ್ಷ ರಸ್ತೆಯಲ್ಲಿ ಬಿಚ್ಚಿತ್ತು. ಒಬ್ಬರಿಗೂ ತರಚಿದ ಗಾಯವಿಲ್ಲ. ಆದರೂ ಸಂಜೆಯೊಳಗೆ ಅವನ ಫೋಟೋ ಸಾವಿರ ಫೋನುಗಳಲ್ಲಿತ್ತು. ಬೇಕಂತಲೇ ಮಾಡಿದ್ದಾನೆ, ಯಾರು ಹೇಳಿಕೊಟ್ಟರು ಕೇಳಿ ಎಂದು ಅದರ ಕೆಳಗೆ ಬರೆದಿತ್ತು. ಮೂರನೆಯ ದಿನ ಅಂಗಡಿಗೆ ಬೀಗ ಬಿತ್ತು, ನಾಲ್ಕನೆಯ ದಿನ ಸಾದಿಕ ಊರಲ್ಲಿರಲಿಲ್ಲ. ಅದೇ ಊರಿನ ಬಸ್‌ಸ್ಟ್ಯಾಂಡಿನ ಬಳಿ ಮುದಿಯಪ್ಪನೆಂಬ ಇನ್ನೊಬ್ಬ ಮಿಸ್ತ್ರಿಯಿದ್ದಾನೆ. ಅವನು ನಟ್ಟು ಬಿಗಿಯಲು ಮರೆತು, ಜೀಪಿನ ಗಾಲಿ ಕಳಚಿ ಹೋಟೆಲೊಳಗೆ ಉರುಳಿ ಇಡ್ಲಿಯ ಪಾತ್ರೆ ಕೆಡವಿತ್ತು. ಊರು ಇಂದಿಗೂ ಅವನನ್ನು ಗಾಲಿ ಮುದಿಯಪ್ಪ ಎಂದು ಕರೆದು ನಗುತ್ತದೆ. ಅವನೂ ನಗುತ್ತಾನೆ. ತಪ್ಪು ಮಾಡಿ ಅಡ್ಡಹೆಸರು ಪಡೆಯುವ ಭಾಗ್ಯ ಎಲ್ಲರಿಗಿಲ್ಲ. ಕೆಲವರ ತಪ್ಪು ನಗೆಯಾಗುತ್ತದೆ, ಕೆಲವರ ತಪ್ಪು ಸಂಚಾಗುತ್ತದೆ. ಯಾವುದು ಯಾವುದಾಗಬೇಕೆಂದು ಗೊತ್ತುಮಾಡಲು ಹೆಸರು ಕೇಳಿದರೆ ಸಾಕು.

ನಜೀಬನ ತಗಡಿನ ಗ್ಯಾರೇಜು ಹೋದದ್ದೂ ಹಾಗೆಯೇ. ರಸ್ತೆ ಅಗಲ ಮಾಡುತ್ತೇವೆಂದು ಜೆಸಿಬಿ ಬಂದು ಹನ್ನೊಂದು ಶೆಡ್ಡುಗಳಲ್ಲಿ ನಾಲ್ಕನ್ನು ಕೆಡವಿತು. ಆ ನಾಲ್ಕು ಯಾರವೆಂದು ಬಿಡಿಸಿ ಹೇಳಬೇಕಿಲ್ಲ. ರಸ್ತೆ ಇನ್ನೂ ಅಗಲವಾಗಿಲ್ಲ. ಅಂದಿನಿಂದ ಭಾಗ್ಯನಗರದ ಈ ಅಂಗಳವೇ ಗ್ಯಾರೇಜು, ಮಗಳೇ ಸಹಾಯಕಿ.

“ಎಣ್ಣಿ ಕಡಿಮಿ ಬಿದ್ದೈತಿ, ಹೊಳ್ಳಿ ಬಾ ಅನ್ನು,” ನಜೀಬ ಪಿಸುಗುಟ್ಟಿದ. “ಅಷ್ಟ ಅನ್ನು ಬೇಟಾ. ಇಲ್ಲಿಗೆ ಬಂದಮ್ಯಾಲ ಸುಮ್ಮನ ಬಿಚ್ಚಿ ಸರಿ ಮಾಡೋಣು.”

ಒಳಗಿನಿಂದ ನಜೀಬನ ತಾಯಿ ದಾವಲಬೀ ಗೋಡೆ ಹಿಡಿದುಕೊಂಡು ಬಂದಳು. ಕಣ್ಣು ಮಂಜಾಗಿದ್ದರೂ ಮುದುಕಿಯ ಕಿವಿ ಚುರುಕಾಗಿತ್ತು.

“ಹದಿನಾಕು ಮಂದಿ ಹೆಣಮಕ್ಳು ಅದಾರೊ ಅದರಾಗ. ಅಂಜೂದು ಆಮ್ಯಾಲ ಅಂಜ್ರಿ. ಮೊದ್ಲ ಫೋನ್ ಹಚ್ರಿ.”

ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಹುಲಿಗೇಶ ಎತ್ತಿದ. ಗಾಡಿ ಓಡಿಸುತ್ತ ಸ್ಪೀಕರಿಗೆ ಹಾಕಿದ್ದ. ಹಿಂದೆ ಹೆಂಗಸರು ಯಾವುದಕ್ಕೋ ನಗುತ್ತಿದ್ದರು.

“ಹೇಳವಾ ತಂಗಿ! ಗಾಡಿ ಭಾರಿ ಓಡಾಕತ್ತೈತಿ ಅಂತ ನಿಮ್ಮಪ್ಪಗ ಹೇಳು.”

ನಗೆಯ ಕೆಳಗೆ ಇನ್ನೊಂದು ಸದ್ದಿತ್ತು. ಟಕ್, ಟಕ್, ಟಕ್. ಮುಚ್ಚಿದ ಬಾಗಿಲನ್ನು ಯಾರೋ ಒಳಗಿನಿಂದ ಬೆರಳಲ್ಲಿ ಬಡಿದಂತೆ. ನಜೀಬ ಅದನ್ನು ಕೇಳಿದ. ಕಣ್ಣು ಮುಚ್ಚಿಕೊಂಡ.

“ಅಣ್ಣಾ, ಎಲ್ಲಿ ಅದೀರಿ?”

“ಗಿಣಿಗೇರಾ ದಾಟೀವಿ.”

“ಬಾಜೂಕ ಹಚ್ರಿ. ಇಂಜಿನ್ ಬಂದ್ ಮಾಡ್ರಿ. ಮತ್ತ ಚಾಲೂ ಮಾಡಬ್ಯಾಡ್ರಿ.”

“ಯಾಕವಾ?”

ಎಣ್ಣೆ ಎನ್ನು, ಎಣ್ಣೆ ಎನ್ನು ಎಂದು ಅಪ್ಪನ ತುಟಿ ಅಲುಗುತ್ತಿತ್ತು. ಇರ್ಫಾನಾ ಅರೆಕ್ಷಣ ಯೋಚಿಸಿದಳು. ಎಣ್ಣೆ ಕಡಿಮೆಯೆಂದರೆ ಹುಲಿಗೇಶ ಎದುರಿನ ಬಂಕಿನಲ್ಲಿ ಒಂದು ಡಬ್ಬಿ ಕೊಂಡು ಸುರಿದು ಮುಂದಕ್ಕೆ ಹೋಗುತ್ತಾನೆ. ಹಿಂದೆ ಅದಿರಿನ ಲಾರಿಗಳು, ಒಳಗೆ ಹದಿನಾಲ್ಕು ಜನ. ಈ ಸುಳ್ಳಿಗೆ ವ್ಯಾನನ್ನು ನಿಲ್ಲಿಸುವ ಶಕ್ತಿಯಿರಲಿಲ್ಲ.

“ನಾವು ತಪ್ಪ ಜೋಡಿಸೀವಿ ಅಣ್ಣಾ. ಒಳಗಿನ ಕ್ಯಾಪು ಅದಲುಬದಲು ಆಗ್ಯಾವ. ಹಂಗ ಓಡಿಸಿದ್ರ ಇಂಜಿನ್ ಹಿಡೀತೈತಿ, ಗಾಡಿ ಕೈಯಾಗ ಉಳ್ಯಾಂಗಿಲ್ಲ.”

ಫೋನಿನಲ್ಲಿ ನಗು ನಿಂತಿತು. ಆಮೇಲೆ ಟಕ್ ಟಕ್ ಕೂಡ ನಿಂತಿತು.

ಬೈಕಿನ ಹಿಂದೆ ಬೋಲ್ಟು ಬಿಚ್ಚುವ ಪಾನಾಗಳ ಚೀಲ, ಜಾಕು, ಹೊಸ ಎಣ್ಣೆಯ ಕ್ಯಾನು ಹಿಡಿದು ಇರ್ಫಾನಾ ಕೂತಳು. ಅಪ್ಪ ಗಿಣಿಗೇರಾ ಕಡೆಗೆ ಬೈಕು ಓಡಿಸಿದ. ಕಾರ್ಖಾನೆಗಳ ಚಿಮಣಿಗಳು ಬಂದವು. ಮರದ ಎಲೆ, ಮನೆಯ ಮಾಳಿಗೆ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಕರಿಯ ಪುಡಿ ಕೂತಿತ್ತು. ಈ ಪುಡಿ ಮಕ್ಕಳ ಎದೆಯೊಳಗೆ ಇಳಿದರೆ ಯಾರೂ ಸಂಚು ಎನ್ನುವುದಿಲ್ಲ.

ಗಂಗಾವತಿ ರಸ್ತೆಯ ಪಕ್ಕ, ಒಂದು ಚಹಾದಂಗಡಿಯ ಎದುರು ವ್ಯಾನು ನಿಂತಿತ್ತು. ಬೇವಿನ ಮರದ ಕೆಳಗೆ ಹೆಂಗಸರು ಬುತ್ತಿಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಂಗಡಿಯ ಬೆಂಚಿನಿಂದ ನಾಲ್ವರು ಗಂಡಸರು ಎದ್ದು ಬಂದು ವ್ಯಾನಿನ ಸುತ್ತ ನಿಂತಿದ್ದರು. ಒಬ್ಬನ ಕೈಯಲ್ಲಿ ಫೋನು ಆಗಲೇ ಎದೆಯ ಮಟ್ಟಕ್ಕೆ ಬಂದಿತ್ತು.

ಹುಲಿಗೇಶನ ಮುಖ ಕೆಂಪಾಗಿತ್ತು.

“ಮಿಸ್ತ್ರಿ, ಹದಿನೈದು ವರ್ಷ ಆತು ನಿನ್ನ ಕೈಯಾಗ ಗಾಡಿ ಕೊಡಾಕತ್ತು. ಕಟಗೊಂಡ ಹೆಂಡ್ತಿನ್ನೂ ಅಷ್ಟು ನಂಬಿಲ್ಲ, ನಿನ್ನ ನಂಬೀನಿ!”

“ಅನ್ನಪೂರ್ಣಗ ಹೇಳ್ತೀನಿ ತಡಿ ಇದನ್ನ,” ಎಂದಳು ಮರದ ಕೆಳಗಿನಿಂದ ಒಬ್ಬಳು. ಯಾರೂ ಜೋರಾಗಿ ನಗಲಿಲ್ಲ.

“ತಪ್ಪಾಗೇತಿ,” ನಜೀಬ ಕೈ ಜೋಡಿಸಿದ. “ತಪ್ಪಾಗೇತಿ ಹುಲಿಗೇಶ. ಎರಡ್ಮೂರು ತಾಸು ಕೊಡು.”

“ಎರಡ್ಮೂರು ತಾಸು! ಗದ್ದ್ಯಾಗ ಕೆಸರ ಮಾಡಿ ಕಾಯಾಕತ್ಯಾರ ಅಲ್ಲೆ.”

ಕೆಳಗಿನ ಎಣ್ಣೆ ಚೇಂಬರು ಬಿಚ್ಚಬೇಕು, ಕ್ಯಾಪುಗಳನ್ನು ಕಳಚಬೇಕು, ಅದರದರ ರಾಡಿಗೆ ಹಾಕಬೇಕು. ಆದರೆ ಪ್ರತಿ ಲಾರಿಯೂ ಕರಿಯ ಪುಡಿಯ ಮೋಡ ಎಬ್ಬಿಸಿ ಹೋಗುತ್ತಿತ್ತು. ತೆರೆದ ಇಂಜಿನ್ನಿನೊಳಗೆ ಅದರ ಒಂದು ಚಿಟಿಕೆ ಬಿದ್ದರೂ ಮಾಡಿದ್ದೆಲ್ಲ ಮಣ್ಣು. ಇರ್ಫಾನಾ ಹೆಂಗಸರ ಕಡೆ ನೋಡಿದಳು. ಕೇಳಲು ಬಾಯಿ ಬರಲಿಲ್ಲ. ಯಾರ ಜೀವಕ್ಕೆ ಕುತ್ತು ತಂದಿದ್ದೆವೋ ಅವರನ್ನೇ ಉಪಕಾರ ಕೇಳುವುದು ಹೇಗೆ?

“ಏನ್ ಬೇಕವಾ? ಬಾಯಿ ಬಿಟ್ಟು ಕೇಳು,” ಎಂದಳು ಸಣ್ಣವ್ವ. ಆ ಗುಂಪಿಗೆ ಅವಳೇ ಹಿರಿಯಳು.

“ಧೂಳ ಒಳಗ ಬೀಳಬಾರದ್ರಿ ಅಮ್ಮಾ. ಅಡ್ಡ ಕಟ್ಟಾಕ ಏನರ ಅರಿಬಿ...”

ಸಂಜೆ ಗದ್ದೆಯಿಂದ ಎದ್ದಮೇಲೆ ಉಡಲು ತಂದ ಒಣ ಸೀರೆಗಳು ಬುತ್ತಿಗಂಟುಗಳಿಂದ ಹೊರಬಂದವು. ಬಾಗಿಲಿಗೆ, ಕನ್ನಡಿಗೆ, ಬಂಪರಿಗೆ ಕಟ್ಟಿದರು. ಕಟ್ಟಲು ಏನೂ ಸಿಗದ ಮೂಲೆಯನ್ನು ಸಣ್ಣವ್ವ ಕೈಯಲ್ಲಿ ಹಿಡಿದು ನಿಂತಳು.

ವ್ಯಾನಿನ ಕೆಳಗೆ ಅಪ್ಪ ಮಗಳು ಅಂಗಾತ ಮಲಗಿದರು. ಬಿಸಿ ಎಣ್ಣೆ ಇಳಿಯಿತು. ಚೇಂಬರು ಬಿಚ್ಚಿತು. ಮೊದಲ ಕ್ಯಾಪಿನ ಬೋಲ್ಟಿಗೆ ಪಾನಾ ಹಾಕಲು ಹೋದ ನಜೀಬನ ಕೈ ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಸಾವಿರ ಇಂಜಿನ್ನುಗಳನ್ನು ಕಣ್ಣುಮುಚ್ಚಿ ಬಿಚ್ಚಿದ್ದ ಕೈ ಈಗ ಒಂದು ಬೋಲ್ಟಿನ ತಲೆ ಹಿಡಿಯುತ್ತಿರಲಿಲ್ಲ. ಪಕ್ಕದಲ್ಲೇ, ಸೀರೆಯ ಸಂದಿಯಲ್ಲಿ, ನಾಲ್ಕು ಜೊತೆ ಚಪ್ಪಲಿಗಳು ಕಾಣುತ್ತಿದ್ದವು.

“ನೀ ಮಾಡು,” ಅವನು ಪಾನಾ ಮಗಳ ಕೈಗಿಟ್ಟ. “ನಾ ಹೇಳ್ತೀನಿ.”

ಒಂದರದ್ದು ನಾಲ್ಕಕ್ಕೆ, ನಾಲ್ಕರದ್ದು ಒಂದಕ್ಕೆ. ಎರಡರದ್ದು ಮೂರಕ್ಕೆ, ಮೂರರದ್ದು ಎರಡಕ್ಕೆ. ಬಿಚ್ಚಿದ್ದನ್ನು ನೆಲದ ಮೇಲಿಡಲು ಇಬ್ಬರಿಗೂ ಧೈರ್ಯವಿರಲಿಲ್ಲ; ತಮ್ಮ ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಒಂದೊಂದು ಕೂರಿಸಿದಾಗಲೂ ಅಪ್ಪ ಹೇಳುತ್ತಿದ್ದ: “ಉಗುರ ಎಳದ ನೋಡು ಸಂದಿ ಮ್ಯಾಲ. ಸಿಗಬಾರದು.” ಅವಳು ಉಗುರು ಎಳೆದು ನೋಡಿದಳು. ಸಿಗಲಿಲ್ಲ. ಸರಿಯಾದ ಕ್ಯಾಪು ಸರಿಯಾದ ರಾಡಿಗೆ ಬಂದಾಗ ಎರಡೂ ಒಂದೇ ಕಬ್ಬಿಣವಾಗಿ ಬೆರಳಿಗೆ ಕಂಡವು. ಮೂರನೆಯದರ ಬೇರಿಂಗು ಮಾತ್ರ ಗೀರುಬಿದ್ದು ತಾಮ್ರ ತೋರಿಸುತ್ತಿತ್ತು. ಬಿಚ್ಚಿಟ್ಟಿದ್ದ ಹಳೆಯ ಬೇರಿಂಗುಗಳನ್ನು ನಜೀಬ ಚೀಲದಲ್ಲಿ ತಂದಿದ್ದ. ಅದರಲ್ಲಿ ಚೊಕ್ಕವಾಗಿದ್ದುದನ್ನು ಆರಿಸಿ ಕೊಟ್ಟ.

ಆಗ ಫೋನಿನವನು ಕುಕ್ಕರಗಾಲಲ್ಲಿ ಕೂತು, ಸೀರೆ ಸರಿಸಿ, ಕ್ಯಾಮೆರಾವನ್ನು ಕೆಳಗೆ ಚಾಚಿದ.

“ಹೆಸರೇನ್ರಿ ನಿಮ್ದು?”

“ಮಿಸ್ತ್ರಿ ರಿ.”

“ಮಿಸ್ತ್ರಿ ಅಂತ ಹೆಸರಿಟ್ಟಾರೇನು ನಿಮ್ಮಪ್ಪಾರು?”

ನಜೀಬ ಕಣ್ಣನ್ನು ಇಂಜಿನ್ನಿನಿಂದ ತೆಗೆಯಲಿಲ್ಲ. “ನಜೀಬ.”

“ಹಾಂ,” ಎಂದ ಅವನು.

ಆ ‘ಹಾಂ’ ಅನ್ನು ಕೇಳಿದವರಿಗೇ ಗೊತ್ತು. ಅದರಲ್ಲಿ ಬೈಗುಳವಿಲ್ಲ, ದೂರು ಕೊಡಲು ಅದರಲ್ಲಿ ಏನೂ ಇಲ್ಲ. ಹುಡುಕುತ್ತಿದ್ದ ಸಾಮಾನು ಸಿಕ್ಕಾಗ ಮನುಷ್ಯ ಹಾಗೆ ಹಾಂ ಎನ್ನುತ್ತಾನೆ.

“ತಿಳದ ಮಾಡಿದ್ದೋ, ತಿಳೀದ ಮಾಡಿದ್ದೋ? ಕ್ಯಾಮೆರಾ ನೋಡಿ ಹೇಳ್ರಿ.”

“ನಾ ಎಡದಿಂದ ಇಟ್ಟಿದ್ದೆ. ಅಬ್ಬಾ ಬಲದಿಂದ ಎತ್ಯಾನ. ಅಷ್ಟ ರಿ,” ಎಂದಳು ಇರ್ಫಾನಾ. ತನ್ನ ದನಿ ಇಷ್ಟು ಸಣ್ಣದೆಂದು ಅವಳಿಗೆ ಗೊತ್ತಿರಲಿಲ್ಲ.

“ಇದೊಂದು ಹೊಸಾ ಕತಿ,” ಅವನು ಗೆಳೆಯರತ್ತ ತಿರುಗಿ ನಕ್ಕ.

“ಏ ತಮ್ಮಾ,” ಮೇಲಿನಿಂದ ಸಣ್ಣವ್ವನ ದನಿ ಬಂತು. “ನಿನ್ನ ಕೈ ಖಾಲಿ ಐತಲ್ಲ, ಈ ಸೀರಿ ಚುಂಗ ಹಿಡಿ ಬಾ. ನನ್ನ ರಟ್ಟಿ ಸೋತಾವು.”

“ವಿಡಿಯೋ ಮಾಡಾಕತ್ತೀನಲ್ಲ ಆಯಿ, ಕಾಣವಲ್ದೇನು?”

“ಅದಕ್ಕ ಅಂದೆ, ಖಾಲಿ ಐತಿ ಅಂತ.”

ಈಗ ಹೆಂಗಸರು ನಕ್ಕರು. ಅವನು ಎದ್ದ. ಆದರೆ ಫೋನು ಕೆಳಗಿಳಿಸಲಿಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಚೇಂಬರು ಕೂತಿತು, ಹೊಸ ಎಣ್ಣೆ ಬಿತ್ತು. ಹುಲಿಗೇಶ ಕೀಲಿ ತಿರುಗಿಸಿದ. ನಜೀಬ ಇಂಜಿನ್ನಿಗೆ ಕಿವಿ ಕೊಟ್ಟು, ಉಸಿರು ಹಿಡಿದು, ಎಷ್ಟೋ ಹೊತ್ತು ಬಗ್ಗಿಯೇ ನಿಂತ. ಟಕ್ ಟಕ್ ಇರಲಿಲ್ಲ. ಆಮೇಲೆ ಬೆನ್ನು ನೆಟ್ಟಗೆ ಮಾಡಿದ. “ಹತ್ರಿ,” ಎಂದ.

ಒಬ್ಬಳೂ ಏಳಲಿಲ್ಲ.

“ನಿನ್ನೇನೂ ಹಿಂಗ ಛಲೋ ಐತಿ ಅಂದಿದ್ರಿ,” ಸಣ್ಣವ್ವ ಸೀರೆ ಮಡಚುತ್ತ ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಮಿಸ್ತ್ರಿ, ನಿನ್ನ ಮಗಳು ನಮ್ಮ ಕೂಡ ಬರ್ಲಿ. ಆಕಿ ಕುಂತ್ರ ನಾವೂ ಕುಂದರ್ತೀವಿ.”

“ನಾ ಬರ್ತೀನಲ್ಲವಾ. ಆಕಿ ಯಾಕ?”

“ಅಪ್ಪ ಆದವ ತನ್ನ ಜೀವಕ್ಕ ಅಂಜೂದಿಲ್ಲ, ಮಗಳ ಜೀವಕ್ಕ ಅಂಜ್ತಾನ. ಆಕಿನ್ನ ಕಳಿಸಿದಿ ಅಂದ್ರ ನಿನ್ನ ಕೆಲಸದ ಮ್ಯಾಲ ನಿನಗ ನಂಬಿಗಿ ಐತಿ ಅಂತ ನಮಗ ತಿಳೀತೈತಿ.”

ಇರ್ಫಾನಾಳಿಗೆ ಕೋಪ ಬರಲಿಲ್ಲ. ದಿನಾ ಇಂಥ ವ್ಯಾನುಗಳಲ್ಲಿ ಕುರಿಗಳಂತೆ ತುಂಬಿಕೊಂಡು ಹೋಗುವವರು, ಮೈಯೊಂದನ್ನು ಬಿಟ್ಟರೆ ಬೇರೇನಿಲ್ಲದವರು. ಅವರಿಗೆ ಬೇರೆ ಯಾವ ಗ್ಯಾರಂಟಿ ಕಾರ್ಡನ್ನು ಯಾರು ಕೊಟ್ಟಿದ್ದಾರೆ?

ನಜೀಬ ಇಂಜಿನ್ನಿನ ಕಡೆ ನೋಡಿದ. ಮಗಳ ಕಡೆ ನೋಡಿದ. ಹೋಗಿ ವ್ಯಾನಿನ ಮುಂದಿನ ಬಾಗಿಲು ತೆರೆದ.

“ಕುಂದ್ರು ಬೇಟಾ,” ಎಂದ.

ಅವಳು ಹುಲಿಗೇಶನ ಪಕ್ಕದಲ್ಲಿ ಕೂತಳು. ಹೆಂಗಸರು ಹತ್ತಿದರು. ವ್ಯಾನು ರಸ್ತೆಗೆ ಬಂದು ವೇಗ ಹಿಡಿದಾಗಲೇ ಅವಳಿಗೆ ಹೊಳೆಯಿತು. ಪಕ್ಕದ ಕನ್ನಡಿಯಲ್ಲಿ ಅಪ್ಪ ಒಬ್ಬನೇ ಮಣ್ಣಿನಲ್ಲಿ ಕೂತು ಪಾನಾಗಳನ್ನು ಆರಿಸುತ್ತಿದ್ದ. ಸೀರೆಗಳಿಲ್ಲ, ಹೆಂಗಸರಿಲ್ಲ. ಆ ನಾಲ್ವರು ಅವನ ಕಡೆಗೆ ನಡೆಯುತ್ತಿದ್ದರು.

“ಅಣ್ಣಾ, ಒಂದ ನಿಮಿಷ ನಿಲ್ಲಸ್ರಿ.”

“ಮತ್ತೇನಾತು? ಸಪ್ಪಳ ಬಂತೇನು?” ಹುಲಿಗೇಶನ ಕಾಲು ಬ್ರೇಕಿಗೆ ಹೋಯಿತು. ಹಿಂದಿನ ಹದಿನಾಲ್ಕು ಮುಖಗಳೂ ಒಮ್ಮೆಲೇ ಅವಳ ಕಡೆ ತಿರುಗಿದವು. ಈಗ ಇಳಿದರೆ ಇವರು ಏನೆಂದು ತಿಳಿಯುತ್ತಾರೆ?

“ಇಲ್ರಿ,” ಎಂದಳು. “ಏನಿಲ್ಲ. ಹೋಗ್ರಿ.”

ಕನ್ನಡಿಯಲ್ಲಿ ಲಾರಿಯೊಂದು ಅಡ್ಡ ಬಂತು. ಅದು ಸರಿಯುವಷ್ಟರಲ್ಲಿ ತಿರುವು ದಾಟಿತ್ತು.

ಅಪ್ಪನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಹುಲಿಗೇಶ ಒಮ್ಮೆ ಅವಳ ಕೈ ನೋಡಿದ, ಒಮ್ಮೆ ಕನ್ನಡಿ ನೋಡಿದ. ಅವನಿಗೂ ಅರ್ಥವಾಗಿತ್ತು. ಗಾಡಿಯನ್ನು ಮಾತ್ರ ನಿಲ್ಲಿಸಲಿಲ್ಲ. ಗಂಗಾವತಿ ಬಂತು, ಹೋಯಿತು. ಒಂದು ಕಿವಿಯಲ್ಲಿ ಎತ್ತದ ಫೋನಿನ ರಿಂಗು, ಇನ್ನೊಂದರಲ್ಲಿ ಇಂಜಿನ್ನು. ರಸ್ತೆಯ ಎರಡೂ ಕಡೆ ನೀರು ನಿಂತ ಗದ್ದೆಗಳು ಶುರುವಾದವು. ಹೆಂಗಸರು ಒಬ್ಬೊಬ್ಬರಾಗಿ ನಿದ್ದೆಹೋದರು. ಬೆಳಗಿನ ನಾಲ್ಕಕ್ಕೆ ಎದ್ದವರು. ಅವಳು ಮಾತ್ರ ಪಾದಗಳನ್ನು ವ್ಯಾನಿನ ತಗಡಿಗೆ ಒತ್ತಿ, ಒಂದೊಂದು ಅದುರನ್ನೂ ಲೆಕ್ಕ ಹಿಡಿದು ಕೂತಿದ್ದಳು. ಏಳನೆಯ ಸಲ ಫೋನು ಮಾಡಿದಳು. ಎಂಟನೆಯ ಸಲ.

ಸಿದ್ದಾಪುರದ ಗದ್ದೆಯ ಬದುವಿಗೆ ಬಂದು ವ್ಯಾನು ನಿಂತಿತು. ಇಂಜಿನ್ನು ಒಂದು ಕೆಮ್ಮಿಲ್ಲದೆ ಬಂದಿತ್ತು.

“ಇಳಿಯವಾ, ಮುಟ್ಟಿದ್ವಿ,” ಸಣ್ಣವ್ವ ಅವಳ ಭುಜ ತಟ್ಟಿದಳು. ಇರ್ಫಾನಾ ಇಳಿಯದೆ ಮತ್ತೆ ಅಪ್ಪನ ನಂಬರು ಒತ್ತಿದಳು.

ಹನ್ನೊಂದನೆಯ ಸಲಕ್ಕೆ ಅಪ್ಪ ಎತ್ತಿದ.

“ಅಬ್ಬಾ! ಎಲ್ಲಿದ್ದಿ? ಯಾಕ ಎತ್ತವಲ್ಲಿ?”

“ಇಲ್ಲೇ ಅದೀನಿ.” ಅವನ ದನಿ ಹಿಡಿಹಿಡಿದು ಬರುತ್ತಿತ್ತು. “ಅವ್ರ ಬೈಕು ಚಾಲೂ ಆಗವಲ್ತಂತ. ನೋಡು ಅಂದ್ರು. ನೋಡಾಕತ್ತೀನಿ.”

“ಯಾರದು?”

“ಅವಂದ. ಫೋನ್ ಹಿಡಿದಿದ್ನಲ್ಲ, ಅವಂದು. ಬಿಚ್ಚೀನಿ. ಹೊಳ್ಳಿ ಹಾಕಾಕತ್ತೀನಿ.” ತಡೆದು, ಇನ್ನೂ ಸಣ್ಣ ದನಿಯಲ್ಲಿ ಹೇಳಿದ: “ವಿಡಿಯೋ ಇನ್ನೂ ಚಾಲೂ ಇಟ್ಟಾನ.”

“ಅಬ್ಬಾ, ಫೋನ್ ಇಡಬ್ಯಾಡ. ಹಂಗ ಕಿಸೇದಾಗ ಇಟ್ಗೊ.”

ಬಟ್ಟೆ ಉಜ್ಜಿದ ಸದ್ದಾಯಿತು. ಆಮೇಲೆ ಯಾರದೋ ನಗು, ಲಾರಿಯ ಹಾರ್ನು, ಪಾನಾ ಕಬ್ಬಿಣಕ್ಕೆ ತಾಗಿದ ಸಣ್ಣ ಸಪ್ಪಳ. ಇರ್ಫಾನಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸಣ್ಣವ್ವ ಸೀರೆ ಎತ್ತಿ ಕಟ್ಟುತ್ತಿದ್ದವಳು ಅವಳ ಮುಖ ನೋಡಿ ಹಾಗೆಯೇ ನಿಂತಳು.

ಕಿಕ್ ಹೊಡೆದರು. ಹೊತ್ತಲಿಲ್ಲ.

“ಏನ್ ಮಿಸ್ತ್ರಿ, ಇದನ್ನೂ ಉಲ್ಟಾ ಹಾಕಿದೇನು?” ಎಂದಿತು ಒಂದು ದನಿ.

ಮತ್ತೆ ಕಿಕ್ ಹೊಡೆದರು. ಹೊತ್ತಲಿಲ್ಲ. ಅಪ್ಪನ ಎದೆ ಫೋನಿನ ಮೇಲೆಯೇ ಬಡಿದುಕೊಳ್ಳುತ್ತಿತ್ತು.

ಮೂರನೆಯದಕ್ಕೆ ಬೈಕು ಹೊತ್ತಿಕೊಂಡಿತು. ಜೋರಾಗಿ ಎರಡು ಸಲ ಗುರುಗುಟ್ಟಿತು, ಸುತ್ತು ಹೊಡೆಯಿತು, ದೂರವಾಯಿತು, ಇನ್ನೂ ದೂರವಾಯಿತು. ಅದೂ ಆ ನಗುಗಳೂ ಪೂರ್ತಿ ಕೇಳದಾದ ಮೇಲೂ ಇರ್ಫಾನಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕಿಸೆಯೊಳಗಿನ ಫೋನಿನಲ್ಲಿ, ಬಯಲಿನಲ್ಲಿ ಓಡಿ ಬಂದವನಂತೆ, ಅಪ್ಪ ಉಸಿರು ಬಿಡುವುದು ಮಾತ್ರ ಕೇಳುತ್ತಿತ್ತು.